ಹಸಿರಿಗೆ ಹೆಸರುಕಾಳು, ನೀಲಿಗೆ ಚಡ್ಡಿಗುಂಡಿ

ಮೈದಾಹಿಟ್ಟು ನೀರಿನಲ್ಲಿ ಕುದಿದು ಅಂಟಾಗುವ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಅದು ಹಸಿ ಹಿಟ್ಟಿನದೂ ಅಲ್ಲ, ಬೆಂದ ಅನ್ನದ್ದೂ ಅಲ್ಲ. ಮಳೆಗಾಲದಲ್ಲಿ ಮುಚ್ಚಿಟ್ಟ ಪುಸ್ತಕದ ಕಪಾಟನ್ನು ತೆರೆದಾಗ ಮುಖಕ್ಕೆ ಬಡಿಯುವ ತಂಪಿಗೆ ಹತ್ತಿರದ್ದು. ಕಳೆದ ಭಾನುವಾರ ಜೆ.ಪಿ. ನಗರದ ನಮ್ಮ ಎರಡು ರೂಮಿನ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ಮಗಳು ಆದ್ಯಳ ಶಾಲೆಯ ಪ್ರಾಜೆಕ್ಟಿಗೆ ಅಂಟು ಕಾಯಿಸುತ್ತಿದ್ದೆ. ಅಂಗಡಿಯ ಗೋಂದು ಕೂಡದು, ಮನೆಯಲ್ಲೇ ಮಾಡಿ ತರಬೇಕು ಎಂದು ಅವಳ ಟೀಚರು ವಾಟ್ಸಾಪಿನಲ್ಲಿ ಅಪ್ಪಣೆ ಕೊಡಿಸಿದ್ದರು. ನಾನು ಎಂಥವಳೆಂದರೆ, ಮನೆಯಿಂದ ಹೊರಟು ಲಿಫ್ಟಿನಲ್ಲಿ ಕೆಳಗಿಳಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮೇಲೆ ಹೋಗುವವಳು. ಹೋಗಿ, ನೋಡಿ, ಇಳಿದು ಬಂದ ಮೇಲೆ, ನೋಡಲು ಹೋದಾಗ ತೆಗೆದ ಬಾಗಿಲು ಹಾಕಿದೆನೋ ಎಂದು ಯೋಚಿಸುವವಳು. ಆ ದಿನವೂ ಸೌಟು ತಿರುಗಿಸುತ್ತಾ, ಈ ಅಂಟಿಗೆ ಇರುವೆ ಬಂದರೆ, ಇರುವೆಯ ಹಿಂದೆ ಜಿರಳೆ ಬಂದರೆ, ಜಿರಳೆ ಮಗಳ ಸ್ಕೂಲ್ ಬ್ಯಾಗು ಸೇರಿದರೆ ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಿದ್ದೆ. ಆಗ ಕಿವಿಯ ಪಕ್ಕದಲ್ಲೇ ಯಾರೋ ಹೇಳಿದಂತಾಯಿತು: "ಒಂದು ಚಿಟಿಕೆ ಮೈಲುತುತ್ತ ಹಾಕು ಪುಟ್ಟಿ. ಹುಳ ಹತ್ರ ಸುಳಿಯಲ್ಲ." ಸೌಟು ನಿಂತಿತು. ಅಂಟು ತಳ ಹಿಡಿಯಿತು. ನಲವತ್ತು ವರ್ಷದಿಂದ ಕೇಳದಿದ್ದ ಆ ದನಿ ನಮ್ಮ ಶಾರದತ್ತೆಯದು.

ಅದಕ್ಕೆ ಬರೀ ಅಂಟು ಕಾರಣವಲ್ಲವೇನೋ. ಆ ವಾರವೆಲ್ಲ ನಾನು ಆದ್ಯಳ ಆಟದ ಸಾಮಾನು ಜೋಡಿಸುವ ಕೆಲಸದಲ್ಲಿದ್ದೆ. ಚಿಕ್ಕ ಮನೆಯಲ್ಲಿ ಮಗು ಬೆಳೆಸಿದವರಿಗೆ ಗೊತ್ತು, ಕ್ರೇಯಾನು ಸೋಫಾದ ಸಂದಿಯಲ್ಲಿ, ಮಣಿ ಮಿಕ್ಸಿಯ ಹಿಂದೆ, ಮಿನುಗುಪುಡಿ ಬೇಳೆಸಾರಿನಲ್ಲಿ ಸಿಗುತ್ತದೆ. ಸಾಕಾಗಿ ಆನ್‌ಲೈನಿನಲ್ಲಿ ಹನ್ನೆರಡು ಪ್ಲಾಸ್ಟಿಕ್ ಡಬ್ಬ ತರಿಸಿದೆ, ಎಲ್ಲವೂ ಒಂದೇ ಅಳತೆ, ಒಂದೇ ಬಿಳಿ ಮುಚ್ಚಳ. ಹೆಸರು ಅಚ್ಚು ಹಾಕುವ ಪುಟ್ಟ ಯಂತ್ರವನ್ನೂ ತರಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಸಾಲಾಗಿ ಇಟ್ಟೆ. ಆದ್ಯ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅಮ್ಮ, ಮೆಡಿಕಲ್ ಸ್ಟೋರ್ ಥರ ಇದೆ" ಎಂದಳು. ನಾನು ನಗಬೇಕಿತ್ತು. ಆದರೆ ಆ ಹನ್ನೆರಡು ಒಂದೇ ಥರದ ಮುಚ್ಚಳಗಳ ಮೇಲೆ ಬೆರಳು ಸವರುತ್ತಾ ನಿಂತುಬಿಟ್ಟೆ.

ಜಯನಗರದಲ್ಲಿ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಎರಡು ತಿರುವು ಒಳಗೆ, ಒಂದು ದೊಡ್ಡ ಮನೆಯ ಹಿತ್ತಲಿನಲ್ಲಿ ನಮ್ಮ ಬಾಡಿಗೆಮನೆ ಇತ್ತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ನಮ್ಮ ಬಚ್ಚಲು ಇದ್ದ ಜಾಗದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ಆಗ ಒಂದು ಹಾಲು, ಒಂದು ಅಡುಗೆಮನೆ, ಮುಂದೆ ಕಡಪಾ ಕಲ್ಲಿನ ಜಗಲಿ ಇದ್ದವು. ಅಪ್ಪ, ಅಮ್ಮ, ನಾನು, ತಮ್ಮ ರವಿ, ಮತ್ತು ಅಪ್ಪನ ಅಕ್ಕ ಶಾರದತ್ತೆ, ಇಷ್ಟು ಜನ. ಹಾಲಿನಲ್ಲಿ ಅಪ್ಪನ ಮಂಚ. ಆ ಮಂಚದ ಕೆಳಗಿನ ಕತ್ತಲೆಯೇ ನಮ್ಮ ಆಟದ ಸಾಮಾನಿನ ಕೋಣೆ, ಅತ್ತೆಯ ಕೆಲಸದ ಸಾಮಾನಿನ ಕೋಣೆಯೂ ಅದೇ. ಅತ್ತೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದರು. ಸೆರಗಿನ ತುದಿಗೆ ರೇಷ್ಮೆದಾರ ಸೇರಿಸಿ, ಸುತ್ತಿ, ಬಿಗಿದು, ಸಮನಾಗಿ ಕತ್ತರಿಸಿದರೆ ಅವು ಸಣ್ಣ ಗಂಟೆಗಳ ಸಾಲಿನಂತೆ ತೂಗುತ್ತಿದ್ದವು. ಆ ಬೀದಿಯ ಮದುವೆ, ಸೀಮಂತ, ಗೃಹಪ್ರವೇಶಗಳಿಗೆಲ್ಲ ಸೀರೆ ನಮ್ಮ ಜಗಲಿಯನ್ನು ಹಾದೇ ಹೋಗುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅತ್ತೆ ಮೊದಲು ಇದ್ದದ್ದು ಅರಸೀಕೆರೆಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಅಲ್ಲಿ ಅವರಿಗೆ ಯಾರೂ ಒಂದು ಮಾತು ಅಂದವರಲ್ಲ. ಏನೂ ಮಾಡಗೊಡುತ್ತಿರಲಿಲ್ಲ, ಅಷ್ಟೆ. "ಬಾಯಿಗೆ ಅನ್ನ ಇತ್ತು, ಕೈಗೆ ಕೆಲಸ ಇರ್ಲಿಲ್ಲ. ಅದು ನನ್ನ ಹೊಟ್ಟೆಗೆ ಒಗ್ಗಲ್ಲ" ಎಂದು ನಮ್ಮ ಮನೆಗೆ ಬಂದವರು, ಜಯನಗರದ ಹೆಂಗಸರ ಸೆರಗು ಹಿಡಿದುಕೊಂಡೇ ನಿಂತರು. ಈ ಮಾತನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದಕ್ಕೆಲ್ಲ ಇದೇ ಬುಡ: ಕುಚ್ಚು ಕಟ್ಟುವವರೆಗೆ ಮಾತ್ರ ಆ ಮನೆಯಲ್ಲಿ ತನಗೆ ಜಾಗ ಎಂದು ಅತ್ತೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಇನ್ನೊಂದನ್ನೂ ಹೇಳಬೇಕು. ನನಗೆ ಹತ್ತು ತುಂಬುವ ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ಉಳಿದಿತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ಕೋಣೆಯಲ್ಲಿ ಐದು ಜನ ಮೈಗೆ ಮೈ ತಾಗಿಸಿಕೊಂಡು ಬದುಕುತ್ತಿದ್ದೆವು, ಆದರೂ ಗೊತ್ತಾಗಲಿಲ್ಲ.

ಹೇಗೆ ಗೊತ್ತಾಗಬೇಕು. ಅತ್ತೆಯ ಕಣ್ಣನ್ನು ನಾವು ಆಟವೆಂದುಕೊಂಡಿದ್ದೆವು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನೂ ರವಿಯೂ ಹತ್ತು ಸೂಜಿಗೆ ದಾರ ಪೋಣಿಸಿ, ತೆಂಗಿನ ನಾರು ತುಂಬಿದ ಬಟ್ಟೆಯ ಚೆಂಡಿಗೆ ಚುಚ್ಚಬೇಕು. ಯಾರದು ಮೊದಲು ಮುಗಿಯುತ್ತದೋ ಅವರಿಗೆ ಒಂದು ಚೂರು ಬೆಲ್ಲ. ವಾರಪತ್ರಿಕೆಯ ಧಾರಾವಾಹಿಯನ್ನು ನಾನು ಗಟ್ಟಿಯಾಗಿ ಓದಬೇಕು. ಅದು ನನ್ನ ಉಚ್ಚಾರಣೆ ತಿದ್ದಲಿಕ್ಕಂತೆ. ಸಂಜೆಗೆ ಮಾತ್ರ ಒಂದು ಕಟ್ಟುನಿಟ್ಟು: "ದೀಪ ಹಚ್ಚೋ ಹೊತ್ತಿಗೆ ನೆಲ ಕಾಣ್ಬೇಕು. ಕಾಲಿಗೆ ಸಿಕ್ಕಿದ್ದು ಕಸದ ಬುಟ್ಟಿಗೆ." ಆಗ ಮಂಚದ ಕೆಳಗಿನ ಡಬ್ಬಗಳು ಹೊರಗೆ ಬರುತ್ತಿದ್ದವು. ಒಂದು ದುಂಡನೆಯ ಬಿಸ್ಕತ್ತಿನ ಡಬ್ಬ, ಒಂದು ಚಪ್ಪಟೆ ಪೌಡರ್ ಡಬ್ಬ, ಬೆಲ್ಲದ ಪೆಟ್ಟಿಗೆ, ಮುಚ್ಚಳ ಸೊಟ್ಟಗಾದ ಕಾಫಿಪುಡಿ ಡಬ್ಬ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಎಂಟೋ ಒಂಬತ್ತೋ. ಜಗತ್ತಿನ ಎಲ್ಲ ಮನೆಗಳಲ್ಲೂ ಸಾಮಾನನ್ನು ಜಾತಿ ನೋಡಿ ವಿಂಗಡಿಸುತ್ತಾರೆ, ನಮ್ಮಲ್ಲಿ ಬಣ್ಣ ನೋಡಿ. ಕೆಂಪು ಡಬ್ಬದಲ್ಲಿ ಅತ್ತೆಯ ಕೆಂಪು ದಾರ, ನಮ್ಮ ಕೆಂಪು ಕ್ರೇಯಾನಿನ ತುಂಡು, ಕೆಂಪು ಬಳೆಚೂರು, ಲಗ್ನಪತ್ರಿಕೆಯಿಂದ ಕತ್ತರಿಸಿದ ಕೆಂಪು ಕಾಗದ, ಎಲ್ಲ ಒಟ್ಟಿಗೆ. ಹಸಿರಿನದು ಹಸಿರಿಗೆ. ಅತ್ತೆ ನೆಲದಿಂದ ಒಂದೊಂದನ್ನೇ ಎತ್ತಿ ಹಿಡಿದು, "ಇದ್ಯಾವ ಮನೆಗೆ?" ಎನ್ನುತ್ತಿದ್ದರು. ನಾವು "ಕೆಂಪು ಮನೆ", "ಕರಿ ಮನೆ" ಎಂದು ಕೂಗುತ್ತಿದ್ದೆವು. ಅತ್ತೆ ಅದನ್ನು ತಪ್ಪದೆ ಆ ಮನೆಗೆ ಸೇರಿಸುತ್ತಿದ್ದರು.

ಯಾವ ಡಬ್ಬ ಯಾವ ಮನೆ ಎನ್ನುವುದಕ್ಕೆ ಮುಚ್ಚಳದ ಮೇಲೆ ಗುರುತಿತ್ತು. ಕೆಂಪಿಗೆ ಗುಲಗಂಜಿ, ಹಸಿರಿಗೆ ಹೆಸರುಕಾಳು, ಹಳದಿಗೆ ಕಡಲೆಬೇಳೆ, ಬಿಳಿಗೆ ಅಕ್ಕಿ, ಕಂದಿಗೆ ಹುಣಸೆಬೀಜ, ಕಪ್ಪಿಗೆ ಉದ್ದಿನಕಾಳಿನ ಒಂದು ಸಾಲು. ಎಲ್ಲವನ್ನೂ ಅತ್ತೆ ತಾವೇ ಕಾಯಿಸಿದ ಮೈದಾ ಅಂಟಿನಿಂದ ಹೂವಿನಂತೆ, ನಕ್ಷತ್ರದಂತೆ ಅಂಟಿಸಿದ್ದರು. ನೀಲಿಗೆ ಯಾವ ಕಾಳೂ ಸಿಗಲಿಲ್ಲ. "ದೇವರು ನೀಲಿ ತಿನ್ನೋದಕ್ಕೆ ಕೊಟ್ಟಿಲ್ಲ ನೋಡು" ಎಂದು ರವಿಯ ಸ್ಕೂಲ್ ಚಡ್ಡಿಯಿಂದ ಬಿದ್ದ ನಾಲ್ಕು ತೂತಿನ ಗುಂಡಿಯನ್ನೇ ಅಂಟಿಸಿದ್ದರು. ನಾವು ಅದನ್ನೆಲ್ಲ ಅಲಂಕಾರ ಎಂದುಕೊಂಡಿದ್ದೆವು. ಕಣ್ಣು ಮುಚ್ಚಿ, ಬೆರಳಿನಲ್ಲೇ ಸವರಿ ಡಬ್ಬ ಹೇಳುವ ಆಟವನ್ನೂ ಅತ್ತೆಯೇ ಕಲಿಸಿದ್ದು. ಆ ಆಟದಲ್ಲಿ ಅವರು ಒಂದು ದಿನವೂ ಸೋಲಲಿಲ್ಲ. ರವಿ ಸಿಟ್ಟಾಗಿ, "ಅತ್ತೆ ಮೋಸ. ನೀವು ಕಣ್ಣು ಬಿಟ್ಕೊಂಡೇ ಆಡ್ತೀರಿ" ಎಂದು ಕೂಗಿದ್ದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಷ್ಟು ನಗುವಂಥದ್ದು ಅದರಲ್ಲೇನಿತ್ತು ಎಂದು ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿದ್ದಳು.

ಆ ವರ್ಷದ ಆಯುಧಪೂಜೆಗೆ ಅಪ್ಪ ಆಫೀಸಿನ ಕ್ಯಾಂಟೀನಿನಿಂದ ಹನ್ನೆರಡು ಖಾಲಿ ಹಾಲಿನಪುಡಿ ಡಬ್ಬ ತಂದರು. ಒಂದೇ ಎತ್ತರ, ಒಂದೇ ಅಗಲ, ಬೆಳ್ಳಿಯಂತೆ ಹೊಳೆಯುವ ತಗಡು. ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಕೆಲಸದ ಸಾಮಾನಿಗೆಲ್ಲ ರಜಾ. ಅಪ್ಪನ ಸೈಕಲ್ಲು, ಅಮ್ಮನ ಈಳಿಗೆಮಣೆ, ಅತ್ತೆಯ ಕತ್ತರಿ, ನಮ್ಮ ಕ್ರೇಯಾನು ಎಲ್ಲಕ್ಕೂ ಕುಂಕುಮವಿಟ್ಟು ಕೈಮುಗಿದರೆ ಮಾರನೆಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಡಬ್ಬ ಒರೆಸಿ ಕುಂಕುಮವಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ವಯಸ್ಸಿನಲ್ಲಾಗಲೇ ನಾನು ಈಗಿನಂತೆಯೇ ಇದ್ದೆ ಎನ್ನುವುದು ನಿಮಗೆ ಗೊತ್ತಿರಲಿ. ವಿಜ್ಞಾನದ ಪಾಠದಲ್ಲಿ ಕಾಳಿಗೆ ಹುಳ ಬೀಳುವುದನ್ನು ಓದಿದಂದಿನಿಂದ ನನಗೆ ನೆಮ್ಮದಿ ಇರಲಿಲ್ಲ. ಮುಚ್ಚಳದ ಹೆಸರುಕಾಳಿಗೆ ಹುಳ ಬಿದ್ದು, ಅದು ಮಂಚದ ಕಾಲು ಹತ್ತಿ, ಮಲಗಿದ ಅಪ್ಪನ ಕಿವಿ ಸೇರುವುದನ್ನು ನಾನು ದಿನಾ ಕಾಣುತ್ತಿದ್ದೆ. ಅತ್ತೆಯ ಅಂಟಿನಲ್ಲಿ ಮೈಲುತುತ್ತ ಇರುತ್ತದೆ, ಅದು ವಿಷ, ಯಾವ ಹುಳವೂ ಅದರ ಗೊಡವೆಗೆ ಬರುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ಅಂಟು ಕಾಯಿಸುವಾಗಲೆಲ್ಲ ಅತ್ತೆ ಅದನ್ನು ಹೇಳಿಯೇ ಹಾಕುತ್ತಿದ್ದರು. ನಾನು ಕೇಳಿಸಿಕೊಳ್ಳುವವಳಾಗಿದ್ದರೆ ತಾನೆ. ಹೆದರುವವರಿಗೆ ಕಿವಿ ಕಡಿಮೆ.

ಹೀಗಾಗಿ ಹಬ್ಬದ ಹಿಂದಿನ ಸಂಜೆ, ಅತ್ತೆ ಅಮ್ಮನ ಜೊತೆ ಕಡುಬಿನ ಹಿಟ್ಟು ನಾದುತ್ತಿದ್ದಾಗ, ನಾನು ಜಗಲಿಯ ಮೇಲೆ ಹಳೆಯ ಡಬ್ಬಗಳನ್ನೆಲ್ಲ ಸುರಿದು, ಹೊಸ ಡಬ್ಬಗಳಿಗೆ ಸಾಮಾನು ತುಂಬಿದೆ. ಬಣ್ಣ ನೋಡಿ ಅಲ್ಲ. ಬುದ್ಧಿವಂತರು ಜೋಡಿಸುವಂತೆ, ಜಾತಿ ನೋಡಿ. ಕ್ರೇಯಾನೆಲ್ಲ ಒಂದಕ್ಕೆ, ಕಾಗದವೆಲ್ಲ ಒಂದಕ್ಕೆ, ಬಳೆಚೂರೆಲ್ಲ ಒಂದಕ್ಕೆ, ದಾರವೆಲ್ಲ ಒಂದಕ್ಕೆ. ನೋಟ್‌ಬುಕ್ಕಿನ ಚೀಟಿಗಳ ಮೇಲೆ ಗುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ಅಂಟಿಸಿದ್ದು ಅತ್ತೆಯ ಅಂಟಿನಿಂದಲೇ. ಆಮೇಲೆ ಅಕ್ಷರಮಾಲೆಯ ಪ್ರಕಾರ ಸಾಲಾಗಿ ಇಟ್ಟೆ: ಕತ್ತರಿ, ಕಾಗದ, ಕ್ರೇಯಾನ್, ಗುಂಡಿ, ದಾರ, ಬಳೆಚೂರು, ಮಣಿ. ಅಪ್ಪ ಆಫೀಸಿನಿಂದ ಬಂದವರು, "ನಮ್ಮ ರೆಕಾರ್ಡ್ ರೂಮೂ ಇಷ್ಟು ಚೆನ್ನಾಗಿಲ್ಲ" ಎಂದು ಬೆನ್ನು ತಟ್ಟಿದರು. ಹಳೆಯ ಡಬ್ಬಗಳು, ಮುಚ್ಚಳದ ಕಾಳುಗಳ ಸಮೇತ, ಹಬ್ಬ ಮುಗಿದ ಮೇಲೆ ಹಳೇ ಪೇಪರಿನವನ ತಕ್ಕಡಿ ಸೇರಿದವು. ಮಂಚದ ಕೆಳಗೆ ಜಾಗ ಆಯಿತೆಂದು ಅಮ್ಮನಿಗೂ ಸಂತೋಷವೇ.

ಪೂಜೆಯ ಮಾರನೆಯ ಬೆಳಿಗ್ಗೆ ಅತ್ತೆ ಮಂಚದ ಕೆಳಗೆ ಕೈ ಚಾಚಿದ್ದು ನನಗೆ ಈಗಲೂ ಕಾಣುತ್ತದೆ. ಒಂದು ಮುಚ್ಚಳ ಸವರಿದರು. ಪಕ್ಕದ್ದನ್ನು ಸವರಿದರು. ಅದರ ಪಕ್ಕದ್ದನ್ನು. ಕೈ ಸಾಲಿನ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿಗೆ ಬಂತು. ನಾನು ಹೊಗಳಿಕೆಗಾಗಿ ಕಾಯುತ್ತಾ ನಿಂತಿದ್ದೆ. "ಎಲ್ಲಾ ಹೊಸದು ಅತ್ತೆ. ನಾನೇ ಮಾಡಿದ್ದು" ಎಂದೆ. "ಚೆನ್ನಾಗಿದೆ ಪುಟ್ಟಿ" ಎಂದರು ಅತ್ತೆ. "ತುಂಬಾ ನುಣುಪಾಗಿದೆ."

ದಸರಾ ರಜೆ ಮುಗಿಯುವವರೆಗೆ ಹೇಗೋ ನಡೆಯಿತು. "ಪುಟ್ಟಿ, ಕೆಂಪು ದಾರ ತಾ", "ರವಿ, ಹಳದಿ ಕೊಡೋ" ಎಂದು ದಿನಕ್ಕೆ ಇಪ್ಪತ್ತು ಸಲ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಕುಂಟೆಬಿಲ್ಲೆಯ ಮಧ್ಯದಲ್ಲಿ ಕರೆದಾಗ ನನಗೆ ರೇಗಿತು. ಜಗಲಿಯಿಂದಲೇ ಕೂಗಿದೆ: "ಮುಚ್ಚಳದ ಮೇಲೆ ಬರ್ದಿದೆಯಲ್ಲ ಅತ್ತೆ. ಓದ್ಕೊಳಿ." ಆಮೇಲೆ ಅವರು ಕರೆಯುವುದನ್ನು ಕಡಿಮೆ ಮಾಡಿದರು.

ಶಾಲೆ ಶುರುವಾದ ವಾರದಲ್ಲೇ ಜಯಮ್ಮನ ಸೀರೆ ಬಂತು. ಜಯಮ್ಮ ನಮ್ಮ ಮನೆಯ ಓನರು. ಆ ಬಡಾವಣೆಯಾಗುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಹೊಲ ಹೋಗಿ ಸೈಟಾದರೂ ಅವರ ದನಿ ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂಥದ್ದೇ. ಅವರ ಮಗಳಿಗೆ ಸೀಮಂತ, ಹಸಿರು ರೇಷ್ಮೆ, ಕೆಂಪು ಅಂಚು, ಕುಚ್ಚು ಎರಡೂ ಬಣ್ಣದಲ್ಲಿ ಬರಬೇಕು, ಸಂಜೆಗೇ ಬೇಕು. ಸೀರೆ ಬಂದಾಗ ನಾನೂ ರವಿಯೂ ಶಾಲೆಯಲ್ಲಿದ್ದೆವು. ಅಮ್ಮ ಅಡುಗೆಮನೆಯಲ್ಲಿದ್ದಳು, ಹತ್ತೇ ಹೆಜ್ಜೆಯ ದೂರದಲ್ಲಿ. ಯಾವ ದಾರ ಕೆಂಪು ಎಂದು ಅವಳನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಅತ್ತೆ ಕೇಳಲಿಲ್ಲ. ನಾನು 'ದಾರ' ಎಂದು ಬರೆದಿದ್ದ ಡಬ್ಬದಿಂದ, ಕೆಂಪು ಹೊಸದು, ಗಡಸಿರಬೇಕು, ಹಸಿರು ಹಳೆಯದು, ಮೆದುವಿರಬೇಕು ಎಂದು ಬೆರಳಿನಲ್ಲೇ ಅಂದಾಜು ಮಾಡಿ ಎರಡು ಲಡಿ ತೆಗೆದು, ಮಧ್ಯಾಹ್ನವೆಲ್ಲ ಕೂತು ಕಟ್ಟಿ, ಮಡಿಸಿ ಜಯಮ್ಮನ ಮನೆಗೆ ಕಳಿಸಿದ್ದರು.

ನಾನು ಜಗಲಿಯಲ್ಲಿ ಶೂ ಬಿಚ್ಚುತ್ತಿದ್ದೆ. ಜಯಮ್ಮ ಸೀರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ದಾಟಿ ಒಳಗೆ ಹೋದರು.

"ಶಾರದಮ್ಮಾ, ನಾಳೆ ನಮ್ಮುಡುಗಿ ಸೀಮಂತಕ್ಕೆ ಕೂತ್ಕೊಳ್ಳೋದಾ, ಶನಿದೇವ್ರ ಪೂಜೆಗಾ?"

"ಏನಾಯ್ತು ಜಯಮ್ಮ?" ಎಂದರು ಅತ್ತೆ.

"ಏನಾಯ್ತಾ. ಸೆರಗು ನೋಡ್ರಿ."

"ಕೆಂಪು, ಹಸಿರು. ನೀವು ಹೇಳ್ದಂಗೇ ಹಾಕಿದೀನಲ್ಲ."

ಹಸಿರು ಸೆರಗಿನ ತುದಿಯಲ್ಲಿ ಕಪ್ಪು ಕುಚ್ಚು, ನೀಲಿ ಕುಚ್ಚು, ಕಪ್ಪು ಕುಚ್ಚು, ನೀಲಿ ಕುಚ್ಚು ತೂಗುತ್ತಿದ್ದವು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅತ್ತೆ ಅದಕ್ಕೆ ಮೊದಲೂ ಮಾಡಿರಲಿಲ್ಲ ಎನಿಸುತ್ತದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದವಳು ಅಲ್ಲೇ ನಿಂತಳು. ಬಸುರಿ ಹೆಂಗಸಿನ ಸೀರೆಗೆ ಕಪ್ಪು. ಜಯಮ್ಮ ಬೈಯಲೆಂದೇ ಬಂದಿದ್ದರು, ಅದಕ್ಕೆ ಬಾಯನ್ನೂ ತೆರೆದರು. ಆದರೆ ಅತ್ತೆಯ ಮುಖ ಸೀರೆಯ ಕಡೆಗಿರಲಿಲ್ಲ, ಸೀರೆಯಿಂದ ಒಂದು ಮೊಳ ಎಡಕ್ಕಿತ್ತು. ಜಯಮ್ಮ ಬಾಯಿ ಮುಚ್ಚಿದರು. ಮೆಲ್ಲಗೆ ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಕೈಯೆತ್ತಿ ಮೂರು ಬೆರಳು ಹಿಡಿದರು.

"ಶಾರದಮ್ಮ, ನನ್ ಬೆರಳು ಎಷ್ಟು ಹೇಳಿ ನೋಡೋಣ."

ಅತ್ತೆ ನಕ್ಕರು. "ಬಳೆ ಎಷ್ಟು ಅಂತ ಕೇಳಿ, ಹೇಳ್ತೀನಿ. ಅದು ಸದ್ದು ಮಾಡತ್ತೆ."

ಆಮೇಲೆ ಜಯಮ್ಮನೇ ದನಿ ತಗ್ಗಿಸಿ, "ಅದೇನು ಮಹಾ, ಕಿತ್ತಾಕಿದ್ರಾಯ್ತು" ಎಂದರು. ಜಯಮ್ಮನೂ ಅಮ್ಮನೂ ಎದುರುಬದುರು ಕೂತು ಕಪ್ಪು, ನೀಲಿ ಕುಚ್ಚುಗಳನ್ನೆಲ್ಲ ಬಿಚ್ಚಿದರು. ಅತ್ತೆ ಕೈ ಚಾಚಿ, "ಪುಟ್ಟಿ, ಕೆಂಪು ದಾರ ತಾ" ಎಂದರು. ನಾನು ಕೆಂಪು ಕೊಡುವಾಗ ಕೆಂಪು ಎಂದೆ, ಹಸಿರು ಕೊಡುವಾಗ ಹಸಿರು ಎಂದೆ. ದೀಪ ಹಚ್ಚುವ ಹೊತ್ತಿಗೆ ಸೆರಗು ತುಂಬ ಕೆಂಪು, ಹಸಿರು ಗಂಟೆಗಳು ತೂಗಿದವು. ಒಂದೂ ತಪ್ಪಿರಲಿಲ್ಲ. ಅದು ಅತ್ತೆ ನಮ್ಮ ಮನೆಯಲ್ಲಿ ಕಟ್ಟಿದ ಕೊನೆಯ ಕುಚ್ಚು.

ಅಪ್ಪ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಇನ್ನು ಏನೂ ಮಾಡುವಂತಿಲ್ಲ, ಇವರಿಗೆ ಕಾಣಿಸದೆ ಎರಡು ವರ್ಷವಾದರೂ ಆಗಿರಬೇಕು ಎಂದರಂತೆ ಡಾಕ್ಟರು. ಅಪ್ಪ ಮನೆಗೆ ಬಂದು ಕುರ್ಚಿಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಹೇಳಿದರು. "ಎರಡು ವರ್ಷ. ಮೊನ್ನೆ ದಸರಾ ತನಕ ಒಂದು ತಪ್ಪು ಮಾಡ್ಲಿಲ್ಲವಲ್ಲ. ಹೇಗೆ ಮಾಡ್ತಿದ್ಲು ಅಕ್ಕ?" ಅಮ್ಮನಿಗೂ ತಿಳಿಯಲಿಲ್ಲ. ಮಂಚದ ಪಕ್ಕದಲ್ಲಿ ಕೂತಿದ್ದ ನನಗೆ ತಿಳಿಯಿತು. ಗುಲಗಂಜಿ, ಹೆಸರುಕಾಳು, ಕಡಲೆಬೇಳೆ, ಚಡ್ಡಿಗುಂಡಿ, ಎಲ್ಲ ಒಂದೇ ಸಲ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಇಲ್ಲದ ಹುಳುವಿಗೆ ಹೆದರಿ ಊರೆಲ್ಲ ಸಾರುವ ನಾನು, ನಿಜಕ್ಕೂ ಹೇಳಬೇಕಾದದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅತ್ತೆಯೂ ಹೇಳಲಿಲ್ಲ. "ಕಣ್ಣು ಮಂಜಾಗಿತ್ತು, ಬಿಡೋ" ಎಂದಷ್ಟೇ ಅಂದರು.

ಅರಸೀಕೆರೆಗೆ ಹೋಗುತ್ತೇನೆಂದು ಹಟ ಹಿಡಿದವರು ಅವರೇ. ಅಮ್ಮ ಅತ್ತಳು. "ಇಲ್ಲೇ ಇರಿ ಅತ್ತಿಗೆ. ನಾನು ನೋಡ್ಕೊಳಲ್ವಾ?"

"ನೋಡ್ಕೊಳ್ತೀಯ ಕಣೆ. ಅದಕ್ಕೇ ಹೋಗ್ತೀನಿ."

ದೊಡ್ಡಪ್ಪ ಕರೆದುಕೊಂಡು ಹೋಗಲು ಬರುವ ಹಿಂದಿನ ಸಂಜೆ ಅತ್ತೆ ನನ್ನನ್ನು ಮಂಚದ ಹತ್ತಿರ ಕರೆದು, ಡಬ್ಬಗಳನ್ನೆಲ್ಲ ಹೊರಗೆ ತೆಗೆಸಿದರು. "ಅತ್ತೆ, ಆ ಕಾಳು..." ಎಂದು ನಾನು ಶುರುಮಾಡಿದೆ. "ನೀನು ಬರ್ದಿದ್ದು ಓದು. ನಾನಿನ್ನೂ ಕೇಳೇ ಇಲ್ಲ" ಎಂದು ಅವರು ನನ್ನ ಮಾತನ್ನು ಅಲ್ಲೇ ನಿಲ್ಲಿಸಿದರು. ಕತ್ತರಿ, ಕಾಗದ, ಕ್ರೇಯಾನ್ ಎಂದು ನಾನು ಒಂದೊಂದಾಗಿ ಓದಿದೆ. ಅವರು ಒಂದೊಂದೇ ಚೀಟಿಯ ಮೇಲೆ ಬೆರಳಾಡಿಸುತ್ತಾ, "ಗುಂಡಗಿದೆ ಅಂತೆ ಅಕ್ಷರ. ನಿಮ್ಮಪ್ಪ ಹೇಳ್ದ" ಎಂದರು. 'ದಾರ' ಎಂದಾಗ ಆ ಡಬ್ಬವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. "ಇದೊಂದು ನನಗಿರ್ಲಿ." ಅಷ್ಟೇ. ಆ ಸಂಜೆ ಯಾರೂ "ಇದ್ಯಾವ ಮನೆಗೆ" ಎಂದು ಕೇಳಲಿಲ್ಲ. ನೆಲದ ಮೇಲೆ ಏನೂ ಬಿದ್ದಿರಲಿಲ್ಲ.

ಅದಾದ ಮೇಲೆ ಅತ್ತೆ ಎರಡು ವರ್ಷ ಇದ್ದರು. ಅಪ್ಪ, ಅಮ್ಮ, ರವಿ ಅರಸೀಕೆರೆಗೆ ಹೋಗಿಬರುತ್ತಿದ್ದರು. ನನಗೆ ಮಾತ್ರ ಆ ದಿನವೇ ಜ್ವರ ಬರುತ್ತಿತ್ತು, ಇಲ್ಲವೇ ಟೆಸ್ಟು ಇರುತ್ತಿತ್ತು. ಮುಂದೆ ಬಂದದ್ದಕ್ಕೆಲ್ಲ ಹೆದರುತ್ತಾ ಬಂದ ನನಗೆ ಬೆನ್ನ ಹಿಂದಿನದಕ್ಕೆ ಹೆದರುವುದು ಹೀಗೆ ರೂಢಿಯಾಯಿತು. ಕೊನೆಗೆ ನಾನು ಆ ಊರಿಗೆ ಹೋದದ್ದು ಅತ್ತೆಯ ತಿಥಿಯೂಟಕ್ಕೆ. ಊಟವಾದ ಮೇಲೆ ದೊಡ್ಡಮ್ಮ ಒಳಗಿನಿಂದ ಹಾಲಿನಪುಡಿ ಡಬ್ಬ ತಂದು ನನ್ನ ಕೈಗಿಟ್ಟರು. "ನಿನಗೇ ಕೊಡ್ಬೇಕು ಅಂತಿದ್ಲು. ಪಾಪ, ಕೊನೆಕೊನೆಗೆ ಬುದ್ಧಿ ಸ್ಥಿಮಿತ ಇರ್ಲಿಲ್ಲ ಕಣಮ್ಮ. ಸಾರಿಗೆ ಹಾಕೋ ಕಾಳನ್ನ ಬೆಂಕಿಪೊಟ್ಟಣಕ್ಕೆ ಅಂಟಿಸ್ತಾ ಕೂರೋಳು."

ಮುಚ್ಚಳದ ಮೇಲೆ ನನ್ನ ಚೀಟಿ ಹಾಗೆಯೇ ಇತ್ತು. 'ದಾರ' ಎನ್ನುವ ಎರಡು ಅಕ್ಷರಗಳು ಬೆರಳು ಆಡಿ ಆಡಿ ಮಾಸಿದ್ದವು. ಒಳಗೆ ನಾಲ್ಕು ಬೆಂಕಿಪೊಟ್ಟಣ, ಒಂದೊಂದರ ಮೇಲೆ ಒಂದೊಂದು ಗುರುತು: ಗುಲಗಂಜಿ, ಹೆಸರುಕಾಳು, ಕಡಲೆಬೇಳೆ, ನಾಲ್ಕು ತೂತಿನ ಒಂದು ಗುಂಡಿ. ನಾನು ಗುಲಗಂಜಿಯ ಪೊಟ್ಟಣ ತೆರೆದೆ. ಅದರೊಳಗೆ ನೀಲಿ, ಬಿಳಿ. ಹೆಸರುಕಾಳಿನದರಲ್ಲಿ ಕಪ್ಪು, ಕಡಲೆಬೇಳೆಯದರಲ್ಲಿ ಹಸಿರು ಒಂದೆಳೆ, ಕೆಂಪು ಎರಡೆಳೆ. ಎಲ್ಲವೂ ನೀಟಾಗಿ, ಬೆರಳಿಗೆ ಸುತ್ತಿ ತೆಗೆದ ಸಣ್ಣ ಸಣ್ಣ ಲಡಿಗಳು. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಎತ್ತಿ ಹಿಡಿದ ದಾರವನ್ನು ನೋಡಿ ಅದು ಯಾವ ಮನೆಗೆ ಎಂದು ಹೇಳುವವರು ಯಾರೂ ಇರಲಿಲ್ಲ. ಅತ್ತೆ ಕೇಳಿಯೂ ಇರಲಿ‌ಕ್ಕಿಲ್ಲ.

ಆ ಡಬ್ಬ ನನ್ನ ಜೊತೆ ಮೂರು ಬಾಡಿಗೆಮನೆ ದಾಟಿ, ಮದುವೆಯಾಗಿ, ಈ ಫ್ಲ್ಯಾಟಿನ ಅಟ್ಟ ಸೇರಿದೆ. ವರ್ಷಕ್ಕೆರಡು ಸಲ ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತೇನೆ. ನನ್ನ ಚಿಂತೆಗಳಲ್ಲಿ ಡಾಕ್ಟರು ಒಪ್ಪಿಕೊಳ್ಳುವುದು ಅದೊಂದನ್ನೇ. ಕಳೆದ ಭಾನುವಾರ ತಳ ಹಿಡಿದ ಅಂಟನ್ನು ಕೆಳಗಿಳಿಸಿ, ಗ್ಯಾಸ್ ಆರಿದೆಯೇ ಎಂದು ಎರಡು ಸಲ ನೋಡಿ, ಸ್ಟೂಲು ಹತ್ತಿ ಆ ಡಬ್ಬವನ್ನು ಇಳಿಸಿದೆ. ಹುಳ ಬಿದ್ದಿರಲಿಲ್ಲ. ಮೈಲುತುತ್ತದ ನೀಲಿ ಇನ್ನೂ ಕಾಳಿನ ಅಂಚಿನಲ್ಲಿ ಉಳಿದಿತ್ತು. ಮೈದಾಪಾತ್ರೆ ಆರುತ್ತಾ ಇಡೀ ಮನೆಗೆ ಆ ವಾಸನೆ ಹರಡಿತ್ತು. ಆದ್ಯ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಕೇಳದೆಯೇ ಪೊಟ್ಟಣಗಳನ್ನು ತೆರೆದು ನೋಡತೊಡಗಿದಳು. ಎರಡೇ ನಿಮಿಷದಲ್ಲಿ ಅವಳಿಗೆ ಲೆಕ್ಕ ಹತ್ತಿತು. ಮಕ್ಕಳಿಗೆ ಬೇಗ ಹತ್ತುತ್ತದೆ.

"ಅಮ್ಮ, ಹೆಸರುಕಾಳು ಅಂದ್ರೆ ಗ್ರೀನ್ ಇರ್ಬೇಕು ತಾನೆ? ಇದ್ರೊಳಗೆ ಬ್ಲ್ಯಾಕ್ ಇದೆ. ಎಲ್ಲಾ ರಾಂಗ್ ಆಗಿದೆ. ಸರಿ ಮಾಡ್ಲಾ?"

ಎದುರಿಗೆ ನನ್ನ ಹನ್ನೆರಡು ಬಿಳಿ ಮುಚ್ಚಳಗಳು ಹೆಸರು ಹೊತ್ತು ಸಾಲಾಗಿ ನಿಂತಿದ್ದವು. ನಾನು ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡು, ಕಪ್ಪು ಲಡಿಯನ್ನು ಒಳಗಿಟ್ಟು, ಮುಚ್ಚಿದೆ. ಹೆಸರುಕಾಳಿನ ಸಾಲು ಹೆಬ್ಬೆರಳಿಗೆ ತಾಗಿತು.

"ಬೇಡ ಕಣೆ" ಎಂದೆ. "ಅದು ಹಸಿರೇ."